ಸಪೂರವಾದ ಜಡೆ

ಮೊದಲು ಗೊತ್ತಾದದ್ದು ತಲೆಯಿಂದ ಮಲ್ಲಿಗೆ ಬಿದ್ದಾಗ.

ಅಂದು ಶುಕ್ರವಾರ. ಕಾರ್ಕಳದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸಮಾಸ ಕಲಿಸುತ್ತಿದ್ದೆ. ಕೈ ಎತ್ತಿ ಬೋರ್ಡಿನ ಮೇಲ್ತುದಿಯಲ್ಲಿ ಬರೆಯುವಾಗ ಕತ್ತಿನ ಹಿಂದೆ ಏನೋ ಜಾರಿದ ಹಾಗಾಯಿತು. ತಿರುಗಿ ನೋಡಿದರೆ ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ನೆಲದಿಂದ ಹೂ ಎತ್ತುತ್ತಿದ್ದಳು. "ಟೀಚರ್, ನಿಮ್ಮ ಮಲ್ಲಿಗೆ." ಹೂವಿನ ಜೊತೆ ಪಿನ್ನು ಇತ್ತು. ಪಿನ್ನಿನ ಜೊತೆ ಕೂದಲಿನ ಒಂದು ಕುಚ್ಚೇ ಬಂದಿತ್ತು.

ಅವಳು ನೋಡಿದಳು. ನಾನೂ ನೋಡಿದೆ. ಹೂವನ್ನು ಮುಷ್ಟಿಯಲ್ಲಿ ಹಿಡಿದು ಬೋರ್ಡಿಗೆ ತಿರುಗಿದೆ.

ನನ್ನ ಜಡೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಚಂದದ ಹುಡುಗಿ ಅಂತ ಯಾರೂ ಯಾವತ್ತೂ ಹೇಳಿದ್ದಿಲ್ಲ. ಮುಖ ನೋಡಿದವರು ಸುಮ್ಮನಿರುತ್ತಿದ್ದರು, ಬೆನ್ನು ನೋಡಿದವರು ಮಾತ್ರ ಹೊಗಳುತ್ತಿದ್ದರು. ಸೊಂಟ ದಾಟಿ ಇಳಿದ ಜಡೆ, ಬುಡದಲ್ಲಿ ಒಂದು ಮುಷ್ಟಿಗೆ ಸಿಗದಷ್ಟು ದಪ್ಪ. ಅದು ನನ್ನದು ಅನ್ನುವುದಕ್ಕಿಂತ ಅಮ್ಮನದು ಎನ್ನುವುದೇ ಸರಿ.

ನಮ್ಮ ಮನೆ ಕಾಪುವಿನ ಕಡಲ ಬದಿ. ಅಮ್ಮ ಬುಟ್ಟಿ ಹೊತ್ತು ಶಿರ್ವದ ಕಡೆ ಮನೆಮನೆಗೆ ಮೀನು ಮಾರುತ್ತಿದ್ದರು. ಅಲ್ಲಿನ ಮನೆಗಳ ಅಂಗಳದಲ್ಲಿ ಮಲ್ಲಿಗೆ ಗಿಡಗಳ ಸಾಲು. ಕೆಲವು ಕ್ರಿಶ್ಚಿಯನ್ ಮನೆಯ ಬಾಯಿಯವರು ಬೂತಾಯಿ ಮೀನು ತೆಗೆದುಕೊಂಡು ದುಡ್ಡಿನ ಬದಲು ಅಮ್ಮನಿಗೆ ಹೂವನ್ನೇ ಕೊಡುತ್ತಿದ್ದರು. ಬಾಳೆಎಲೆಯಲ್ಲಿ ಸುತ್ತಿದ ಆ ಹೂ ಮೀನಿನ ಬುಟ್ಟಿಯೊಳಗೆ ಬರುವಂತಿಲ್ಲ. ಅಮ್ಮ ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ, ದಾರಿಯುದ್ದಕ್ಕೂ ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ತರುತ್ತಿದ್ದರು. ಮನೆಗೆ ಬಂದವರು ಮೊದಲು ಬಾವಿಕಟ್ಟೆಗೆ ಹೋಗಿ ಬಿಂಬುಳಿಯ ಹುಳಿಕಾಯಿ ಹಿಂಡಿ ಕೈ ಉಜ್ಜಬೇಕು. ಬೆರಳು ಮೂಸಿ ನೋಡಬೇಕು. ಮತ್ತೊಮ್ಮೆ ಉಜ್ಜಬೇಕು. ಮೀನಿನ ವಾಸನೆ ಪೂರ್ತಿ ಹೋಯಿತು ಅಂತ ಖಾತ್ರಿಯಾದ ಮೇಲೆಯೇ ನನ್ನ ತಲೆ ಮುಟ್ಟುವುದು. "ಶಾಲೆಯಲ್ಲಿ ಯಾರೂ ಮೂಗು ಮುಚ್ಚಬಾರದು ಮಗಾ" ಅನ್ನುತ್ತಿದ್ದರು. ದಾಸವಾಳದ ಎಲೆಯ ಲೋಳೆ, ತೆಂಗಿನೆಣ್ಣೆ, ಬಿಗಿಯಾದ ಜಡೆ, ಕೊನೆಗೆ ಹೂ. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ನನಗೆ ಕಣ್ಣು ಮುಚ್ಚಿಕೊಂಡು ಹೋಗುತ್ತದೆ. ಅಷ್ಟು ಸುಖ ಮತ್ತೆ ಯಾವ ಕೈಯಿಂದಲೂ ಸಿಗಲಿಲ್ಲ.

ಅಂಥ ತಲೆ ಈಗ ಹೂವನ್ನು ಹಿಡಿಯಲಾರದೆ ಬಿಟ್ಟುಕೊಟ್ಟಿತ್ತು.

ಕಾರಣ ಗೊತ್ತಿತ್ತು. ಅಥವಾ ಗೊತ್ತಿದೆ ಅಂದುಕೊಂಡಿದ್ದೆ. ಕೆಲವು ತಿಂಗಳ ಹಿಂದೆ ಮಣಿಪಾಲದ ಡಾಕ್ಟರ್ ನನಗೆ ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಶುರು ಮಾಡಿದ್ದರು. ಶುಗರ್ ಏರಿತ್ತು, ಲಿವರಿನಲ್ಲಿ ಕೊಬ್ಬು, ಶಾಲೆಯ ಮೆಟ್ಟಿಲು ಹತ್ತಿದರೆ ಮೊಣಕಾಲು ಕಟಕಟ. ತೂಕ ಇಳಿಯಲೇಬೇಕಿತ್ತು. ಶುಗರ್ ಎಂದರೆ ಏನೆಂದು ನನಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಊರೂರು ನಡೆದ ಅಮ್ಮನ ಬಲಗಾಲಿನ ಹೆಬ್ಬೆರಳನ್ನು ಅದು ತಿಂದಿತ್ತು. ಆಪರೇಷನ್ ಆಗಿ ಬಂದ ದಿನ ಅಮ್ಮ ಬ್ಯಾಂಡೇಜು ನೋಡುತ್ತಾ, "ನಡೆದು ನಡೆದು ಸವೆದು ಹೋಯಿತು" ಎಂದು ನಕ್ಕಿದ್ದರು. ನನಗೆ ನಗು ಬಂದಿರಲಿಲ್ಲ. ಆ ದಾರಿ ನನಗೆ ಬೇಡ ಎಂದೇ ನಾನು ಸೂಜಿ ಹಿಡಿದದ್ದು.

ಇಂಜೆಕ್ಷನ್ ಶುರುವಾದ ಮೇಲೆ ಹಸಿವು ದೀರ್ಘ ರಜೆ ಹಾಕಿ ಹೋಯಿತು. ಎರಡು ತುತ್ತಿಗೆ ಹೊಟ್ಟೆ ತುಂಬುತ್ತಿತ್ತು. ವಾಕರಿಕೆ ಬೇರೆ. ಅದಕ್ಕಿಂತ ದೊಡ್ಡ ಆಘಾತ ಇನ್ನೊಂದು: ಬಂಗುಡೆ ಹುರಿಯುವ ಪರಿಮಳಕ್ಕೆ ನಾನು ಅಂಗಳಕ್ಕೆ ಓಡಿದೆ. ಮೀನಿನವರ ಮನೆಯ ಮಗಳು!

ಮದುವೆಯಾದ ಮೇಲೂ ನನ್ನ ಜೊತೆಗೇ ಇರುವ ಅಮ್ಮನಿಗೆ ಅದು ಸರಿಯೇ ಎನಿಸಿತು. ನಮ್ಮಲ್ಲಿ ಗಾಯವಾದವರಿಗೆ, ಆಪರೇಷನ್ ಆದವರಿಗೆ, ಮದ್ದು ಕುಡಿಯುವವರಿಗೆ ಮೀನು ಕೊಡುವುದಿಲ್ಲ. ನಂಜು ಎನ್ನುತ್ತಾರೆ. ಮೀನು ತಿಂದರೆ ಗಾಯ ಮಾಯುವುದಿಲ್ಲ, ಮದ್ದು ಹತ್ತುವುದಿಲ್ಲ ಎಂದು ನಂಬಿಕೆ. ಯಾವ ಮೀನು ಎಷ್ಟು ನಂಜು ಎಂಬ ವಿಷಯದಲ್ಲಿ ಅಮ್ಮನ ಮಾತಿಗೆ ಶಿರ್ವದಲ್ಲಿ ಅಪೀಲೇ ಇರಲಿಲ್ಲ. "ವಾರ ವಾರ ಮೈಗೆ ಸೂಜಿ ಹೋಗುತ್ತಾ ಉಂಟು. ಮೀನೂ ಬೇಡ, ಮೊಟ್ಟೆಯೂ ಬೇಡ" ಎಂದು ತೀರ್ಪಾಯಿತು. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಒಂದು ಚಮಚ ತುಪ್ಪ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಕೊಡುತ್ತಿದ್ದದ್ದು ಅದೇ. ಅಮ್ಮ ಮುಂದೆ ಕೂತು ಬಡಿಸುತ್ತಿದ್ದರು. ಅದೇ ನನಗೆ ಒಗ್ಗುತ್ತಲೂ ಇತ್ತು. ತಿಂಗಳುಗಟ್ಟಲೆ ಗಂಜಿಯಲ್ಲೇ ಬದುಕಿದೆ.

ತೂಕ ಸರಸರ ಇಳಿಯಿತು. ಹಳೆಯ ರವಿಕೆಗಳಿಗೆಲ್ಲ ಹೊಸ ಹೊಲಿಗೆ. ಸ್ಟಾಫ್ ರೂಮಿನಲ್ಲಿ "ಸಪೂರ ಆದಿರಿ ಮಾರಾಯ್ರೆ, ಗುಟ್ಟು ಹೇಳಿ" ಎಂದು ಕೇಳುವವರು. ನಾನೂ ಉಬ್ಬಿದೆ. ಮೈ ಇಳಿದರೂ ಜಂಬ ಇಳಿದಿರಲಿಲ್ಲ.

ಆಮೇಲೆ ಮಲ್ಲಿಗೆ ಬಿದ್ದ ಆ ಶುಕ್ರವಾರ.

ಅಂದಿನಿಂದ ಎಲ್ಲೆಲ್ಲೂ ಕೂದಲು. ದಿಂಬಿನ ಮೇಲೆ, ಬಚ್ಚಲಿನ ತೂತಿನಲ್ಲಿ, ತಿದ್ದುವ ಉತ್ತರಪತ್ರಿಕೆಯ ನಡುವೆ. ಬಾಚಲು ಹೆದರಿಕೆ, ಬಾಚದಿರಲೂ ಹೆದರಿಕೆ. ಕಾರ್ಕಳದ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಬಿಟ್ಟುಕೊಟ್ಟೆ, ಗಾಳಿಗೆ ಇನ್ನಷ್ಟು ಹಾರಿ ಹೋದೀತು ಎಂದು. ಮೂರ್ಖತನವೇ. ಆದರೆ ಹಾಗೆ ಮಾಡಿದೆ. ಜಡೆ ನನ್ನ ಕಿರುಬೆರಳಿನಷ್ಟಾಯಿತು. ಹಣೆಯ ಮೇಲೆ ಬೈತಲೆ ಅಗಲವಾಗುತ್ತಾ ಬಂತು. ಕನ್ನಡಿಯ ಮುಂದೆ ನಿಂತರೆ ಸಪೂರವಾದ ಹೆಂಗಸು ಕಾಣುತ್ತಿರಲಿಲ್ಲ, ಕಾಯಿಲೆಯವಳು ಕಾಣುತ್ತಿದ್ದಳು.

ಅಮ್ಮನಿಂದ ಮುಚ್ಚಿಡಲು ತಲೆಗೆ ಟವೆಲು ಸುತ್ತಿಕೊಂಡೇ ಓಡಾಡಿದೆ. ಎಷ್ಟು ದಿನ? ಒಂದು ಭಾನುವಾರ ಅವರೇ ಟವೆಲು ಬಿಚ್ಚಿದರು. ಜಡೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮಾರು ಹೊತ್ತು ನೋಡಿದರು.

"ಆ ಸೂಜಿ ಬಿಡು ಮಗಾ."

"ಶುಗರ್ ಇಳಿದಿದೆ ಅಮ್ಮ."

"ದಪ್ಪ ಇದ್ದರೆ ಎಂತ? ನಮ್ಮಲ್ಲಿ ಎಲ್ಲರೂ ದಪ್ಪವೇ ಅಲ್ವಾ. ಇದನ್ನು ನಾನು ಎಷ್ಟು ವರ್ಷ ಸಾಕಿದ್ದೇನೆ ಗೊತ್ತುಂಟಾ ನಿನಗೆ? ಬೆರಳು ಹೋದಾಗ ನಾನು ಅತ್ತಿದ್ದೇನಾ? ಇದನ್ನು ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ."

ಅತ್ತರು. ಅಮ್ಮ ಹಾಗೆ ಅತ್ತದ್ದನ್ನು ಅಪ್ಪ ತೀರಿಹೋದಾಗ ಬಿಟ್ಟರೆ ನಾನು ನೋಡಿರಲಿಲ್ಲ. ಆ ವಾರದ ಇಂಜೆಕ್ಷನ್ ಪೆನ್ನು ಫ್ರಿಜ್ಜಿನಲ್ಲಿತ್ತು. ಚುಚ್ಚಿಕೊಂಡರೆ ಅಮ್ಮನಿಗೆ ಎದುರು ನಿಂತ ಹಾಗೆ. ಬಿಟ್ಟರೆ ಅಮ್ಮನ ಕಾಲಿನ ದಾರಿಗೇ ನನ್ನ ಕಾಲೂ. ಬಾಗಿಲು ತೆರೆದು ನೋಡುವುದು, ಮುಚ್ಚುವುದು. ನನ್ನ ಗಂಡ ಸದಾನಂದರು ಕಡಿಮೆ ಮಾತಿನವರು. ಅವರೇ ಕೊನೆಗೆ, "ಫ್ರಿಜ್ಜನ್ನು ಕೇಳಿದರೆ ಉತ್ತರ ಬರುತ್ತದಾ? ಡಾಕ್ಟರನ್ನು ಕೇಳು. ಅತ್ತೆಯನ್ನೂ ಕರೆದುಕೊಂಡು ಹೋಗು" ಎಂದರು.

ಹೋದೆವು. ಡಾಕ್ಟರ್ ನನಗಿಂತ ಚಿಕ್ಕವರು, ನಗುಮುಖದವರು. ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ನಾಲ್ಕು ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಅವು ಹಾಗೇ ಬಂದವು. ಬ್ಲಡ್ ಟೆಸ್ಟ್ ಮಾಡಿಸಿ ರಿಪೋರ್ಟು ಓದಿದರು. ಥೈರಾಯ್ಡ್ ಸರಿ ಇತ್ತು. ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು, ತಳ ಹಿಡಿದಿತ್ತು.

"ಟೀಚರ್, ಊಟಕ್ಕೆ ಎಂತ ತಿನ್ನುತ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೆಮ್ಮೆಯಿಂದ ಹೇಳಿದರು. "ಗಂಜಿ ಡಾಕ್ಟ್ರೇ. ಪಥ್ಯ ಒಂದು ದಿನ ತಪ್ಪಿಸಲಿಲ್ಲ ನಾನು. ಮೀನು ಮುಟ್ಟಿಸಲಿಲ್ಲ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅಮ್ಮಾ, ಕಾಪುವಿನಲ್ಲಿ ಇದ್ದುಕೊಂಡು ಮೀನು ಬಿಡಿಸಿದಿರಾ?"

ಆಮೇಲೆ ನಿಧಾನವಾಗಿ ವಿವರಿಸಿದರು. ತೂಕ ಬೇಗ ಇಳಿಯುವುದು ದೇಹಕ್ಕೆ ಒಂದು ಪೆಟ್ಟೇ. ಆಗ ದೇಹ ಮುಖ್ಯ ಕೆಲಸಗಳನ್ನು ಮಾತ್ರ ನಡೆಸುತ್ತದೆ. ಕೂದಲು ಬೆಳೆಯುವುದು ನಿಂತು ವಿಶ್ರಾಂತಿಗೆ ಹೋಗುತ್ತದೆ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತದೆ. ಹೆರಿಗೆಯ ನಂತರವೂ, ದೊಡ್ಡ ಜ್ವರದ ನಂತರವೂ ಹೀಗೆ ಆಗುತ್ತದೆ. ಅದಕ್ಕೆ ಟೆಲೋಜೆನ್ ಎಫ್ಲುವಿಯಮ್ ಎಂದು ಹೆಸರು. ಊಟದಲ್ಲಿ ಪ್ರೋಟೀನ್ ಇಲ್ಲದಿದ್ದರೆ ಇನ್ನೂ ಜೋರು. ಬೇರು ಸತ್ತಿಲ್ಲ.

"ಮತ್ತೆ ಬರುತ್ತದಾ?" ಎಂದು ಕೇಳಿದೆ. ನನ್ನ ಸ್ವರ ಮಕ್ಕಳ ಸ್ವರದ ಹಾಗೆ ಬಂತು.

"ಹೆಚ್ಚಿನವರಿಗೆ ಬರುತ್ತದೆ. ಆದರೆ ಅವಸರ ಮಾಡಿದರೆ ಆಗುವುದಿಲ್ಲ. ಡೋಸ್ ಈಗ ಏರಿಸುವುದು ಬೇಡ, ಇದ್ದಷ್ಟೇ ಇರಲಿ. ನೀವಾಗಿಯೇ ನಿಲ್ಲಿಸಬೇಡಿ, ನಿಮ್ಮ ಶುಗರ್ ಎಷ್ಟು ಚಂದ ಇಳಿದಿದೆ ನೋಡಿ. ಕಬ್ಬಿಣದ ಮಾತ್ರೆ ಬರೆಯುತ್ತೇನೆ. ಪ್ರತಿ ಊಟದಲ್ಲಿ ಮೊದಲು ಮೀನೋ ಮೊಟ್ಟೆಯೋ ಕಾಳೋ ತಿನ್ನಿ, ಗಂಜಿ ಆಮೇಲೆ. ಜಡೆ ಬಿಗಿದು ಕಟ್ಟಬೇಡಿ."

ಕಾಪುವಿಗೆ ಬರುವ ಬಸ್ಸಿನಲ್ಲಿ ಅಮ್ಮ ಕಿಟಕಿ ಬದಿಗೆ ಕೂತರು. ಉಡುಪಿ ದಾಟಿತು, ಕಟಪಾಡಿ ದಾಟಿತು. ಊರು ಹತ್ತಿರವಾದಾಗ ಕೇಳಿದರು. "ನನ್ನ ಗಂಜಿಯಿಂದ ಆದದ್ದಾ ಮಗಾ?"

ಹೌದು ಎಂದರೂ ಪೂರ್ತಿ ನಿಜವಲ್ಲ, ಅಲ್ಲ ಎಂದರೂ ಪೂರ್ತಿ ನಿಜವಲ್ಲ. ತೂಕ ಇಳಿದದ್ದರಿಂದ ಹೇಗೂ ಸ್ವಲ್ಪ ಉದುರುತ್ತಿತ್ತು ಎಂದೆ. ಅವರ ಕೈ ಹಿಡಿದುಕೊಂಡೆ. ನಂಜು ಎಂದು ಅವರು ಹೆದರಿದ್ದು ನನ್ನ ಮೇಲಿನ ಜೀವದಿಂದ. ಆ ಗಂಜಿಯ ಒಂದೊಂದು ಬಟ್ಟಲೂ ಪ್ರೀತಿಯೇ. ಪ್ರೀತಿಯಲ್ಲಿ ಕಬ್ಬಿಣದ ಅಂಶ ಇಲ್ಲದಿದ್ದರೆ ಅಮ್ಮ ಏನು ಮಾಡುವುದು?

ಮಾರನೆಯ ದಿನ ಬೆಳಿಗ್ಗೆ ಅಮ್ಮ ಮನೆಯಲ್ಲಿರಲಿಲ್ಲ. ಆ ಕಾಲಿನಲ್ಲಿ, ಎಷ್ಟೋ ಕಾಲದ ಮೇಲೆ, ದೋಣಿ ಬರುವಲ್ಲಿಗೆ ಹೋಗಿ ಕಾಣೆ ಮೀನು ಆರಿಸಿ ತಂದಿದ್ದರು. ಕಾಣೆ ಹಗುರ, ನಂಜಿಲ್ಲ ಎಂದು ಅವರ ಶಾಸ್ತ್ರದೊಳಗೇ ದಾರಿ ಮಾಡಿಕೊಂಡಿದ್ದರು. ಹುರಿಯಲಿಲ್ಲ. ಕೊತ್ತಂಬರಿ, ಮೆಣಸು, ಹುಳಿ ಹಾಕಿ ತೆಳ್ಳಗೆ ಬೇಯಿಸಿದರು. ಮುಳ್ಳು ಬಿಡಿಸಿ ಚಿಕ್ಕ ಚಿಕ್ಕ ತುಂಡು ಮಾಡಿ ಬಟ್ಟಲಲ್ಲಿ ಇಟ್ಟರು. ಮೊದಲ ತುಂಡು ಹೊಟ್ಟೆಯಲ್ಲಿ ನಿಂತಿತು. ಎರಡನೆಯದೂ ನಿಂತಿತು. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು.

ಆ ವಾರದ ಇಂಜೆಕ್ಷನ್ ನಾನು ತೆಗೆದುಕೊಂಡೆ. ಅಮ್ಮ ಆ ಕೋಣೆಗೆ ಬರಲಿಲ್ಲ. ಬಿಡು ಎಂದು ಮತ್ತೆ ಹೇಳಲಿಲ್ಲ, ತೆಗೆದುಕೋ ಎಂದೂ ಹೇಳಲಿಲ್ಲ.

ಉದುರುವುದು ಕೂಡಲೇ ನಿಲ್ಲಲಿಲ್ಲ. ಒಂದು ದಿನ ಉಡುಪಿಯ ಪಾರ್ಲರಿಗೆ ಹೋಗಿ ಉಳಿದ ಜಡೆಯನ್ನು ಭುಜದವರೆಗೆ ಕತ್ತರಿಸಿಕೊಂಡೆ. ಆ ಹುಡುಗಿ "ಮೇಡಂ, ಖಂಡಿತಾ ಅಲ್ವಾ?" ಎಂದು ಕೇಳಿ ಕೇಳಿ ಕತ್ತರಿ ಹಾಕಿದಳು. ಕತ್ತು ಹಗುರವಾಯಿತು. ದುಃಖವೂ ಆಯಿತು. ಗಂಡ ನನ್ನನ್ನು ನೋಡಿ, "ಇಷ್ಟು ವರ್ಷ ಜಾತ್ರೆಯಲ್ಲಿ ಬೆನ್ನು ನೋಡಿ ಗುರುತು ಹಿಡಿಯುತ್ತಿದ್ದೆ. ಇನ್ನು ಮುಖ ನೋಡಬೇಕಲ್ಲ ಮಾರಾಯ್ತಿ" ಎಂದರು. ಬಹಳ ದಿನಗಳ ಮೇಲೆ ಜೋರಾಗಿ ನಕ್ಕೆ. ಅಮ್ಮ ನಗಲಿಲ್ಲ. ಊಟಕ್ಕೆ ಎಂದಿಗಿಂತ ಒಂದು ಮೊಟ್ಟೆ ಹೆಚ್ಚು ಇಟ್ಟರು.

ಹೀಗೆ ತಿಂಗಳುಗಳು ಹೋದವು. ಮೀನು, ಮೊಟ್ಟೆ, ಹುರುಳಿ, ಹೆಸರು. ವಾಕರಿಕೆ ಬಂದ ದಿನ ಮೊಸರು. ದಿಂಬಿನ ಮೇಲಿನ ಕೂದಲು ಕಡಿಮೆಯಾಯಿತು ಎಂದು ಅನ್ನಿಸುತ್ತಿತ್ತು, ಆದರೆ ಆಸೆ ಕಣ್ಣಿಗೆ ಏನನ್ನು ಬೇಕಾದರೂ ತೋರಿಸುತ್ತದೆ. ಹಾಗಾಗಿ ಯಾರಿಗೂ ಹೇಳಲಿಲ್ಲ.

ಕಳೆದ ವಾರ ಶಾಲೆಗೆ ಹೊರಡುವ ಮೊದಲು ಎಂದಿನಂತೆ ಅಮ್ಮನ ಪಾದ ನೋಡಲು ಕೂತೆ. ಬೆರಳ ಸಂದುಗಳಲ್ಲಿ ಗಾಯ ಆಗಿದೆಯೇ ಎಂದು ದಿನವೂ ನೋಡಬೇಕು. ಮೊದಲು ಇದಕ್ಕೆ ಸ್ಟೂಲು ಬೇಕಾಗುತ್ತಿತ್ತು, ಈಗ ನೆಲದಲ್ಲೇ ಕೂರುತ್ತೇನೆ. ತಲೆ ಬಗ್ಗಿಸಿ ಪಾದ ಒರೆಸುತ್ತಿದ್ದಾಗ ಅಮ್ಮನ ಕೈ ನನ್ನ ನೆತ್ತಿಯ ಮೇಲೆ ಬಂತು. ಬೈತಲೆಯುದ್ದಕ್ಕೂ ಒಮ್ಮೆ ಹೋಯಿತು. ನಿಂತಿತು. ಮತ್ತೆ ಹಿಂದಕ್ಕೆ ಬಂತು. ಅವರ ಕಣ್ಣು ಈಗ ಮಂಜು, ಬೆರಳೇ ನೋಡಬೇಕು.

"ಇಲ್ಲಿ ಚುಚ್ಚುತ್ತದೆ" ಎಂದರು.

"ಎಂತದ್ದು?"

"ಸಣ್ಣ ಸಣ್ಣ ಉಂಟು. ತುಂಬಾ ಉಂಟು. ನೀನು ಹುಟ್ಟಿದಾಗ ಹೀಗೇ ಇತ್ತು, ನೆಟ್ಟಗೆ ನಿಂತು."

ನಾನು ತಲೆ ಎತ್ತಲಿಲ್ಲ. ಎತ್ತಿದರೆ ಕಣ್ಣೀರು ಕಾಣುತ್ತಿತ್ತು. ಅವರ ಪಾದವನ್ನು ಮಡಿಲಲ್ಲಿ ಹಾಗೇ ಹಿಡಿದುಕೊಂಡಿದ್ದೆ. ಬಸ್ಸಿಗೆ ತಡವಾಗುತ್ತಿತ್ತು, ಆಗಲಿ ಎಂದು ಕೂತೆ. ಜಡೆ ಮೊದಲಿನಷ್ಟು ಆಗುತ್ತದೋ ಇಲ್ಲವೋ ತಿಳಿಯದು. ಡಾಕ್ಟರೂ ಅಷ್ಟು ಮಾತು ಕೊಟ್ಟಿಲ್ಲ.

ಅಮ್ಮ ಕೈ ತೆಗೆಯದೆಯೇ ಕೇಳಿದರು.

"ಈ ವಾರದ ಸೂಜಿ ಆಯಿತಾ?"

"ಇಲ್ಲ ಅಮ್ಮ. ಇವತ್ತು ಸಂಜೆ."

"ಬೇಗ ಬಾ. ಮರೆಯಬೇಡ."