ಖರೇ ರೇಟು

ಮೊನ್ನೆ ಮುನ್ನೂರೈವತ್ತು ರೂಪಾಯಿ ಕೊಟ್ಟು ನೀರಿಡಲು ಒಂದು ಮಣ್ಣಿನ ರಂಜಣಗಿ ತಂದೆ. ಕೇಳಿದ್ದೂ ಮುನ್ನೂರೈವತ್ತೇ. ಬಾಲಾನಗರದ ರಸ್ತೆಬದಿಯಲ್ಲಿ ಗಡಿಗೆ ಮಾರುವ ಹೆಂಗಸು ನೋಟು ಕೈಗೆ ಬಂದ ಮೇಲೆ ನನ್ನ ಮುಖ ನೋಡಿ, ‘ಬೇರಂ ಆಡರಾ ಸಾರ್?’ ಎಂದಳು. ಚೌಕಾಸಿ ಮಾಡುವುದಿಲ್ಲವೇ ಎಂದು. ಇಲ್ಲಮ್ಮ ಎಂದೆ. ಅವಳಿಗೆ ಸಂಶಯ ಬಂದು ನೋಟನ್ನು ಬಿಸಿಲಿಗೆ ಹಿಡಿದು ನೋಡಿದಳು. ತಪ್ಪು ಅವಳದಲ್ಲ. ಆ ರಸ್ತೆಯಲ್ಲಿ ಮೂವತ್ತು ವರ್ಷ ನನ್ನನ್ನು ಕಂಡವರು ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು.

ಮನೆಗೆ ತಂದು ಮೊದಲ ಕೊಡ ನೀರು ಸುರಿದಾಗ ಸುಟ್ಟ ಮಣ್ಣು ನೀರು ಕುಡಿಯುವ ವಾಸನೆ ಎದ್ದಿತು. ಅದಕ್ಕಾಗಿಯೇ ಕೊಂಡದ್ದು. ತಣ್ಣೀರಿಗೇನು, ಫ್ರಿಜ್ ಇದೆ.

ನಾನು ಹಳೆಯ ಯಂತ್ರಗಳನ್ನು ಕೊಂಡು ಮಾರುವವನು. ಹುಮನಾಬಾದ್ ಕಡೆಯಿಂದ ಈ ತೆಲುಗು ಊರಿಗೆ ಬಂದು, ಒಂದು ವರ್ಕ್‌ಶಾಪಿನಲ್ಲಿ ಲೇತ್‌ಗಳ ಕೆಳಗೆ ಬಿದ್ದ ಕಬ್ಬಿಣದ ಚೂರು ಗುಡಿಸುತ್ತಾ ಮೇಲೆ ಬಂದೆ. ನನ್ನ ವಿದ್ಯೆಯೆಲ್ಲ ಇಷ್ಟೇ: ಬೇಕಾದ ಯಂತ್ರವನ್ನು ನೋಡಬೇಡಿ, ಅದರ ಪಕ್ಕದ್ದನ್ನು ನೋಡಿ. ಮಾಲೀಕ ಹೇಳಿದ್ದರಲ್ಲಿ ಅರ್ಧಕ್ಕೆ ಕೇಳಿ. ಒಪ್ಪದಿದ್ದರೆ ಎದ್ದು ಹೊರಗೆ ಬಂದು ಚಹಾ ಕುಡಿಯಿರಿ, ಕರೆಯುತ್ತಾನೆ. ಮೊದಲ ಸಲ ಕರೆದಾಗ ಓಗೊಡಬೇಡಿ. ಬರೆದಿಟ್ಟುಕೊಳ್ಳಿ, ಪುಕ್ಕಟೆ ಹೇಳುತ್ತಿದ್ದೇನೆ.

ಈ ವಿದ್ಯೆಯನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಹೋಗಬೇಕು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಡಾಕ್ಟರು ಗುಳಿಗೆ ದಿನಕ್ಕೆ ಮೂರು ಎಂದರೆ, ‘ಎರಡರಾಗ ಮುಗಸ್ರಲಾ ಸಾಹೇಬ್ರ’ ಎಂದವನು ನಾನು. ಮದುವೆಯಾದ ಒಂದೆರಡು ವರ್ಷದಲ್ಲೇ ನನ್ನ ಹೆಂಡತಿ ಶಾಂತಾ ನನ್ನ ಹದ ಹಿಡಿದುಬಿಟ್ಟಳು. ಒಂದು ಸೀರೆ ಬೇಕಿದ್ದರೆ ಎರಡು ಕೇಳುವಳು. ಬೀದರಿನ ತಂಗಿಯ ಮನೆಯಲ್ಲಿ ನಾಲ್ಕು ದಿನ ಇರಬೇಕಿದ್ದರೆ, ‘ಎಂಟು ದಿನಾ ಹೋಗಿ ಬರ್ತೀನ್ರಿ’ ಎನ್ನುವಳು. ನಾನು ನಾಲ್ಕಕ್ಕೆ ಇಳಿಸಿ ಗೆದ್ದವನಂತೆ ಮೀಸೆ ತಿರುವುತ್ತಿದ್ದೆ. ಒಂದು ದಿನ ಗುಟ್ಟು ಗೊತ್ತಾಗಿ ಕೇಳಿದೆ.

‘ಎಲ್ಲಾದಕ್ಕೂ ಎರಡರಷ್ಟು ಹೇಳ್ತೀಯಲ್ಲ, ಇದ್ಯಾವ ಅಂಗಡ್ಯಾಗ ಕಲ್ತಿ?’

‘ನಿಮ್ಮಂಥಾ ಗಿರಾಕಿ ಜೋಡಿ ಸಂಸಾರ ಮಾಡೂದಂದ್ರ ಸುಮ್ನ ಏನ್ರಿ?’ ಎಂದು ರೊಟ್ಟಿ ತಟ್ಟುತ್ತಲೇ ನಕ್ಕಳು.

ಅಲ್ಲಿಂದ ಅದು ನಮ್ಮ ಮನೆಯ ರೀತಿಯಾಯಿತು. ಅವಳು ಎರಡರಷ್ಟು ಹೇಳುವುದು, ನಾನು ಅರ್ಧ ಮಾಡುವುದು. ಇಬ್ಬರಿಗೂ ಗೊತ್ತು, ಇಬ್ಬರಿಗೂ ಖುಷಿ. ಹಾಗೆಂದು ನಾನು ತಿಳಿದಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಆಸ್ಪತ್ರೆಯವರು, ಶಾಂತಾಳನ್ನು ಇನ್ನು ಇಲ್ಲಿಟ್ಟುಕೊಂಡು ಮಾಡುವುದೇನಿಲ್ಲ, ಮನೆಗೆ ಕರೆದೊಯ್ಯಿರಿ ಎಂದರು. ಎಷ್ಟು ದಿನ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ಜೀವನದಲ್ಲಿ ನಾನು ರೇಟು ಕೇಳದೆ ಬಂದದ್ದು ಅದೊಂದೇ ಕಡೆ. ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಕಿಟಕಿಯ ಬಳಿ ಮಂಚ ಹಾಕಿದೆವು. ಅವಳ ತಂಗಿ ನೀಲಾ ಬೀದರಿನಿಂದ ಬಂದು ನಿಂತಳು. ಮೊದಲ ಸಂಜೆಯೇ ಶಾಂತಾ ನನ್ನನ್ನು ಹತ್ತಿರ ಕರೆದಳು.

‘ಹದಿನೈದು ದಿನಾ ಅಂಗಡಿ ಬಂದ್ ಮಾಡಿ ನನ್ನ ಹಂತ್ಯಾಕ ಇರ್ರಿ.’

ನನ್ನ ಬಾಯಿ ತಾನಾಗಿಯೇ ಆಡಿತು. ‘ಎಂಟು ದಿನಾ ಇರ್ತೀನಿ. ಆಮ್ಯಾಲೆ ನೋಡೋಣು.’

ಅವಳು ಮರುಮಾತು ಎತ್ತಬೇಕಿತ್ತು. ಹನ್ನೆರಡಾದರೂ ಮಾಡ್ರಿ ಎನ್ನಬೇಕಿತ್ತು. ಬರೀ ‘ಆತ್ರಿ’ ಎಂದಳು. ಅವಳಿಗೆ ಬೇಕಾದದ್ದು ಎಂಟೇ ಇರಬೇಕು ಎಂದು ನಾನು ನೆಮ್ಮದಿಯಾಗಿ ಊಟಕ್ಕೆ ಕೂತೆ.

ಎಂಟು ದಿನ ಇದ್ದೆ. ಮಾತು ತಪ್ಪುವವನಲ್ಲ. ಐದನೆಯ ದಿನವೋ ಆರನೆಯ ದಿನವೋ, ಹೊಸ ರಂಜಣಗಿಯ ನೀರು ಕುಡಿಯಬೇಕು ಅನಿಸುತ್ತದೆ ಎಂದಳು. ಮೊದಲ ನೀರಿನ ಆ ಮಣ್ಣಿನ ವಾಸನೆ ಅವಳಿಗೆ ಇಷ್ಟ. ಮನೆ ಹತ್ತಿರವೇ ಸಿಗುತ್ತಿತ್ತು. ಆದರೆ ಅಲ್ಲಿಯವನು ಇಳಿಯಲಿಲ್ಲ, ನಾನು ಎದ್ದು ಬಂದೆ, ಅವನು ಕರೆಯಲಿಲ್ಲ. ಮೂರು ಓಣಿ ತಿರುಗಿ ಒಂದನ್ನು ಹೆಗಲ ಮೇಲೆ ಹೊತ್ತು ತಂದೆ.

‘ನೂರು ರೂಪಾಯಿ ಉಳಿಸಿದೆ’ ಎಂದೆ ಬೆವರು ಒರೆಸಿಕೊಳ್ಳುತ್ತಾ.

‘ಒಂದೂವರೆ ತಾಸು ಆತು ಹೋಗಿ. ಇದನ್ನ ಎಂಟು ದಿನದ ಲೆಕ್ಕದಾಗ ಹಿಡಿಯೂದೋ, ಬಿಡೂದೋ?’ ಎಂದಳು. ನೀಲಾ ಮುಖ ಆಚೆ ತಿರುಗಿಸಿದಳು. ನಾನು ನಕ್ಕೆ. ತಮಾಷೆ ಎಂದೇ ತಿಳಿದೆ.

ಒಂಬತ್ತನೆಯ ದಿನ ಅಂಗಡಿಯ ಬಾಗಿಲು ತೆಗೆದೆ. ಹನ್ನೊಂದನೆಯ ದಿನ ಜೀಡಿಮೆಟ್ಲಾದಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಲೇತ್ ನೋಡಲು ಹೋದೆ. ಒಳ್ಳೆಯ ಮಾಲು. ಪಕ್ಕದ ತುಕ್ಕು ಹಿಡಿದ ಡ್ರಿಲ್ಲನ್ನು ನೋಡುತ್ತಾ ಲೇತಿಗೆ ಅರ್ಧ ರೇಟು ಕೇಳಿದೆ. ಮಾಲೀಕ ಒಪ್ಪಲಿಲ್ಲ. ಎದ್ದು ಗೇಟಿನ ಹೊರಗೆ ಬಂದು ಬಂಡಿಯ ಬಳಿ ಚಹಾ ಹೇಳಿದೆ. ಜೇಬಿನಲ್ಲಿ ಫೋನು ಬಡಿಯಿತು. ಕರೆಯುತ್ತಿದ್ದಾನೆ ಎಂದುಕೊಂಡೆ. ಮೊದಲ ಸಲಕ್ಕೆ ಓಗೊಡಬಾರದಲ್ಲ, ಎತ್ತಲಿಲ್ಲ. ಎರಡನೆಯ ಸಲವೂ ಬಡಿಯಿತು. ಇನ್ನಷ್ಟು ಇಳಿಯಲಿ ಎಂದು ಚಹಾ ಮುಗಿಸಿದೆ. ಮೂರನೆಯ ಸಲ ತೆಗೆದು ನೋಡಿದರೆ ನೀಲಾ.

‘ಮಾಮಾ, ಲಗೂ ಬರ್ರಿ. ಅಕ್ಕ ನಿಮ್ಮನ್ನ ಕೇಳಾಕತ್ತಾಳ.’

ಆಟೋದವನಿಗೆ ಎಷ್ಟು ಎಂದು ಕೇಳದೆ ಹತ್ತಿದೆ. ಮನೆ ಮುಟ್ಟುವಷ್ಟರಲ್ಲಿ ಶಾಂತಾ ಕೇಳುವುದನ್ನು ನಿಲ್ಲಿಸಿದ್ದಳು.

ಮಣ್ಣು ಮಾಡಿ ಬಂದ ಮೇಲೆ ನೀಲಾ ನನಗೆ ಒಂದು ಮಾತು ಹೇಳಿದಳು. ಕೋಪದಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ‘ಆವತ್ತು ಮೊದಲನೇ ಸಂಜಿ ನೀವು ಊಟಕ್ಕ ಎದ್ದು ಹೋದ ಮ್ಯಾಲೆ ಅಕ್ಕ ಅಂದಳು ಮಾಮಾ: ಈ ಸಲ ನಾ ಖರೇ ರೇಟು ಹೇಳಿದ್ದೆ, ಅವರಿಗೆ ತಿಳೀಲಿಲ್ಲ.’ ನೀನಾದರೂ ನನಗೆ ಹೇಳಬಾರದಿತ್ತೇ ಎಂದೆ. ‘ನಾ ಹೇಳ್ತೀನಂದೆ. ಬ್ಯಾಡ ಅಂದಳು. ಮತ್ತ ಕೇಳಿ ತಗೊಂಡ್ರ ಅದೂ ಚೌಕಾಸೀನ ಆಕ್ಕೈತಿ ಅಂದಳು.’

ಮಾರನೆಯ ದಿನ ಲೇತಿನ ಮಾಲೀಕ ಫೋನು ಮಾಡಿ ನನ್ನ ರೇಟಿಗೇ ಒಪ್ಪಿದ. ‘ಠೀಕ್ ಹೈ ಸೇಠ್, ಆಪ್ ಕಾ ಹೀ ರೇಟ್.’ ಬೇಡ ಎಂದೆ. ಅವನು ಇನ್ನೂ ಐದು ಸಾವಿರ ಇಳಿಸಿದ. ನಿಜವಾಗಿಯೂ ಬೇಡಪ್ಪಾ, ಮನೆಯಲ್ಲಿ ಸಾವಾಗಿದೆ ಎಂದೆ. ಅದಕ್ಕೆ ಅವನು ಇನ್ನೂ ಎರಡು ಸಾವಿರ ಬಿಟ್ಟ. ಅವನನ್ನು ನಾನು ಬಯ್ಯಲಿಲ್ಲ. ಖರೆ ಹೇಳಿದವರನ್ನು ನಂಬದ ಮನುಷ್ಯನೆಂದರೆ ಹೇಗಿರುತ್ತಾನೆ ಎಂದು ಹೊರಗಿನಿಂದ ಕೇಳಿದ್ದು ನನಗೆ ಅದೇ ಮೊದಲು.

ಅಂಗಡಿ ಈಗಲೂ ಇದೆ. ಅಲ್ಲಿ ಈಗಲೂ ಅರ್ಧಕ್ಕೇ ಕೇಳುತ್ತೇನೆ, ಹೊಟ್ಟೆಪಾಡು. ಅರ್ಧ ಮಾಡಬಾರದ್ದು ಯಾವುದು ಎಂಬ ಪಟ್ಟಿ ನನಗೆ ತಡವಾಗಿ ಸಿಕ್ಕಿತು, ಅದರಲ್ಲಿದ್ದವಳು ಹೋದ ಮೇಲೆ. ನಿಮ್ಮ ಪಟ್ಟಿಯಲ್ಲಿರುವವರು ಇನ್ನೂ ಮನೆಯಲ್ಲಿದ್ದಾರು. ಅದಕ್ಕೇ ಹೇಳುತ್ತೇನೆ, ಕೇಳಿ. ಅವರು ನಿಮ್ಮ ದಿನ ಕೇಳಿದರೆ ಕೇಳಿದಷ್ಟು ಕೊಡಿ. ಹೆಚ್ಚು ಕೇಳಿದ್ದಾರೆ ಅನಿಸಿದರೂ ಕೊಡಿ. ಉಳಿದ ದಿನ ಜೊತೆಯಲ್ಲಿ ಕೂತು ಚಹಾ ಕುಡಿದರಾಯಿತು. ಮನೆಯ ಫೋನು ಮೊದಲ ಸಲಕ್ಕೇ ಎತ್ತಿ. ರಂಜಣಗಿಯನ್ನು ಮನೆಗೆ ಹತ್ತಿರದ ಅಂಗಡಿಯಲ್ಲೇ ಕೊಳ್ಳಿ, ಬೆರಳ ಗೆಣ್ಣಿನಿಂದ ಬಡಿದು ಗಟ್ಟಿ ಇದೆಯೇ ನೋಡಿಕೊಳ್ಳಿ. ಹೊಸದರ ಮೊದಲ ನೀರು ಚೆಲ್ಲಬೇಕು ಎನ್ನುತ್ತಾರೆ. ಚೆಲ್ಲಿ. ಆದರೆ ಆ ವಾಸನೆ ಇಷ್ಟಪಡುವವರು ಮನೆಯಲ್ಲಿದ್ದರೆ, ಮೊದಲು ಅವರಿಗೊಂದು ಲೋಟ ಕೊಟ್ಟು ಆಮೇಲೆ ಚೆಲ್ಲಿ.