ನಾಲ್ಕು ಗಂಟೆಯ ಡಿಕಾಕ್ಷನ್

ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ಶಂಭುಲಿಂಗಪ್ಪನವರದು ಕಾಫಿಪುಡಿ ಅಂಗಡಿ. ನಲವತ್ತು ವರ್ಷ ಬೀಜ ಹುರಿದವರೂ ಅವರೇ, ಮಧ್ಯಾಹ್ನ ನಾಲ್ಕಕ್ಕೆ ಡಿಕಾಕ್ಷನ್ ರುಚಿ ನೋಡಿ ಚಿಕೋರಿ ಎಷ್ಟು ಬೆರೆಸಬೇಕೆಂದು ಹೇಳಿದವರೂ ಅವರೇ. ಅರವತ್ತೆಂಟರಲ್ಲಿ ನಿದ್ರೆ ಕೈಕೊಟ್ಟಿತು. ಡಾಕ್ಟರ್ ಮಹಾನಂದ ಮಾತ್ರೆ ಬರೆದುಕೊಟ್ಟರು. ಅದೂ ನಾಟಲಿಲ್ಲ.

"ದಿನಕ್ಕೆ ಎಷ್ಟು ಕಾಫಿ?" ಎಂದರು ಡಾಕ್ಟರು.

"ಕುಡಿಯೋದು ಎರಡೇ. ರುಚಿ ನೋಡೋದು ಲೆಕ್ಕಕ್ಕಿಲ್ಲ."

"ಮೈಗೆ ಅದೂ ಲೆಕ್ಕಾನೇ. ನಾಲ್ಕಕ್ಕೆ ಕುಡಿದಿದ್ರಲ್ಲಿ ಹೆಚ್ಚುಕಮ್ಮಿ ಅರ್ಧ, ಮಲಗೋ ಹೊತ್ತಿಗೂ ಒಳಗೇ ಇರುತ್ತೆ. ಮಾತ್ರೆ ಮಲಗು ಅನ್ನುತ್ತೆ, ಕಾಫಿ ಏಳು ಅನ್ನುತ್ತೆ. ಮಧ್ಯಾಹ್ನದ ಮೇಲೆ ಬಿಟ್ಬಿಡಿ. ನಿದ್ದೆ ಬರ್ಲಿಲ್ಲ ಅಂತ ಇನ್ನೊಂದು ಮಾತ್ರೆ ನುಂಗೋಕೆ ಹೋಗ್ಬೇಡಿ."

ರುಚಿ ನೋಡುವ ಕೆಲಸ ಸೊಸೆ ಶಿವಾನಿಯ ಪಾಲಾಯಿತು, ಇವರಿಗೆ ನಿದ್ರೆ ಮೆಲ್ಲಗೆ ಮರಳಿತು. ಎರಡೇ ವಾರಕ್ಕೆ ಹಳೆಯ ಗಿರಾಕಿ ವೆಂಕಟಾಚಲ, "ಏನ್ ಶಂಭುಲಿಂಗಪ್ಪನವ್ರೇ, ಈಚೆಗೆ ಪುಡಿ ಘಮ್ ಅಂತಿದೆ" ಎಂದರು. ಇವರು ನಕ್ಕರು, ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು. ನಲವತ್ತು ವರ್ಷದಲ್ಲಿ ಆ ಮನುಷ್ಯ ಒಮ್ಮೆಯೂ ಹಾಗೆಂದಿರಲಿಲ್ಲ.

ಅಂದಿನಿಂದ, ಶಿವಾನಿ ಮಗಳನ್ನು ಸ್ಕೂಲಿನಿಂದ ಕರೆತರಲು ಹೋದಾಗಲೆಲ್ಲ, ಫಿಲ್ಟರಿನಲ್ಲಿ ಉಳಿದ ಡಿಕಾಕ್ಷನ್ ಲೋಟಕ್ಕೆ ಬಗ್ಗಿಸಿಕೊಂಡು ತಪ್ಪು ಹುಡುಕತೊಡಗಿದರು. ಮೊದಲ ಗುಟುಕಿಗೆ ಸಿಗದ ತಪ್ಪು ಲೋಟ ಮುಗಿದರೂ ಸಿಗುತ್ತಿರಲಿಲ್ಲ. ನಿದ್ರೆ ಮತ್ತೆ ಹಾರಿಹೋಯಿತು. ತಡೆಯಲಾರದೆ ಒಂದು ದಿನ ಎರಡನೇ ಮಾತ್ರೆಯನ್ನೂ ನುಂಗಿದರು.

ಮರುದಿನ ಬೆಳಿಗ್ಗೆ ಹುರಿಯುವ ಯಂತ್ರದ ಮುಂದೆ ಕೂತಲ್ಲೇ ತೂಕಡಿಸಿದರು. ಎಚ್ಚರವಾದಾಗ ಹೊಗೆ ಬೀದಿಗೆ ಬಂದಿತ್ತು, ಬೀಜವೆಲ್ಲ ಇದ್ದಿಲಾಗಿತ್ತು. ಶಿವಾನಿ ಓಡಿಬಂದು ಯಂತ್ರ ಆರಿಸಿದಳು. ಎದುರಂಗಡಿಯ ಅಪ್ಪಯ್ಯ ಕೇಳಿದ್ದಕ್ಕೆ, "ನಾನೇ ಉರಿ ಜಾಸ್ತಿ ಇಟ್ಬಿಟ್ಟಿದ್ದೆ" ಎಂದಳು. ದೊಡ್ಡತನವೂ ಇವಳ ಪಾಲಿಗೇ ಬಂತಲ್ಲ ಎಂದು ಶಂಭುಲಿಂಗಪ್ಪನವರಿಗೆ ಇನ್ನಷ್ಟು ಉರಿಯಿತು.

ಆ ಉರಿಯಲ್ಲೇ ರಸ್ತೆ ದಾಟಿ, "ತಪ್ಪು ಅವಳದಲ್ಲ ಅಪ್ಪಯ್ಯ, ನಂದು. ಎರಡು ಮಾತ್ರೆ ನುಂಗಿ ತೂಕಡಿಸ್ಬಿಟ್ಟೆ" ಎಂದು ಹೇಳಿಬಂದರು. ವಾಪಸು ಬಂದವರು ಸೊಸೆಯೆದುರು ನಿಂತರು.

"ದಿನಾ ನಿನ್ನ ಡಿಕಾಕ್ಷನ್ ಕದ್ದು ಕುಡೀತಿದ್ದೆ ಕಣಮ್ಮ."

"ಗೊತ್ತು ಮಾವ. ಫಿಲ್ಟರ್ ಖಾಲಿ ಇರ್ತಿತ್ತು. ತಪ್ಪೇನಾದ್ರೂ ಸಿಕ್ತಾ?"

"ಇಲ್ಲ."

ರುಚಿ ನೋಡುವುದು ಬೆಳಿಗ್ಗೆ ಒಂಬತ್ತಕ್ಕಾಯಿತು, ಇಬ್ಬರೂ ಸೇರಿ. ತಿಂಗಳೊಳಗೆ ಒಂದೇ ಮಾತ್ರೆಗೆ ನಿದ್ರೆ ಹತ್ತತೊಡಗಿತು. ಹೊಟ್ಟೆಕಿಚ್ಚು ಮಾತ್ರ ಪೂರ್ತಿ ಆರಲಿಲ್ಲ. ಯಾರಾದರೂ ಪುಡಿ ಹೊಗಳಿದರೆ "ಸೊಸೆ ಕೈಗುಣ" ಎನ್ನುತ್ತಾರೆ, ಪೊಟ್ಟಣ ಕಟ್ಟಿ ಮುಗಿಯುವವರೆಗೆ ಗಿರಾಕಿಯ ಮುಖ ನೋಡುವುದಿಲ್ಲ.