ಉಲ್ಟಾ ನಲ್ಲಿಗಳ ಮನೆ

ಆ ಮನೆಗೆ ಮೊದಲ ಸಲ ಬಂದವರು ಯಾರೇ ಆಗಲಿ, ಬಚ್ಚಲಿಗೆ ಹೋಗಿ "ನೀರೇ ಬರ್ತಿಲ್ವಲ್ಲ!" ಎಂದು ಕೂಗದೆ ಇರುತ್ತಿರಲಿಲ್ಲ. ನೀರು ಬೇಕಾದಷ್ಟಿತ್ತು. ಲೋಕದ ನಲ್ಲಿಗಳೆಲ್ಲ ಎಡಕ್ಕೆ ತಿರುಗಿಸಿದರೆ ತೆರೆದುಕೊಳ್ಳುತ್ತವೆ, ಆ ಮನೆಯವು ಮಾತ್ರ ಬಲಕ್ಕೆ. ನಲ್ಲಿಯಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಸಕ್ಕರೆ ಡಬ್ಬಿಯ ಮುಚ್ಚಳ, ಮಂಚದ ಬೋಲ್ಟು, ಅಜ್ಜಿಯ ಊರುಗೋಲಿನ ಹಿಡಿ, ಸೈಕಲ್ಲಿನ ಗಂಟೆ, ಒಂದನ್ನೂ ಬಿಟ್ಟಿರಲಿಲ್ಲ. ಎಲ್ಲ ಅಪ್ಪನ ಕೈಚಳಕ, ಎಲ್ಲಕ್ಕೂ ಕಾರಣ ಮಗಳು.

ಅಪ್ಪ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ. ದಿನವಿಡೀ ಕಬ್ಬಿಣ ಕಡೆದು ಬಂದವನು ಸುಮ್ಮನೆ ಕೂರಬೇಕಲ್ಲ? ಟೀ ಕುಡಿದವನೇ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಗೆ ನುಗ್ಗಿ ಅರ ಹಿಡಿಯುತ್ತಿದ್ದ. ಅಂಗಿಯ ಮಡಿಕೆಯಲ್ಲಿ ಸಿಕ್ಕಿಕೊಂಡ ಲೋಹದ ಚೂರುಗಳು ಊಟದ ತಟ್ಟೆಯ ಪಕ್ಕ ಉದುರುತ್ತಿದ್ದವು, ಅಮ್ಮ ಗೊಣಗುತ್ತ ಗುಡಿಸುತ್ತಿದ್ದಳು. ಅಂಗಡಿಯಿಂದ ಏನಾದರೂ ತಂದರೆ ಅವನ ಮುಖ ಸಣ್ಣದಾಗುತ್ತಿತ್ತು. "ನನ್ನ ಕೇಳಿದ್ರೆ ಮಾಡಿಕೊಡ್ತಿರಲಿಲ್ವಾ?" ಎನ್ನುತ್ತಿದ್ದ, ತಂದದ್ದು ಛತ್ರಿಯಾದರೂ ಸರಿ.

ಮಗಳು ಎಡಚಿ. ಎರಡನೇ ತರಗತಿಯಲ್ಲಿ ಟೀಚರು ಎಡಗೈ ಗೆಣ್ಣಿಗೆ ಸ್ಕೇಲಿನಲ್ಲಿ ಬಾರಿಸಿದ ದಿನ ಬಿಕ್ಕುತ್ತ ಬಂದು ಹೇಳಿದಳು, "ಎಲ್ಲಾನೂ ಬಲಗೈಯವರಿಗೇ ಮಾಡಿದಾರೆ ಅಪ್ಪಾ." ಅಪ್ಪ ಮರುದಿನ ಶಾಲೆಗೆ ಹೋಗಿ ಟೀಚರಿಗೆ ಏನು ಹೇಳಿದನೋ, ಆ ಸ್ಕೇಲು ಮತ್ತೆ ಮೇಲೇಳಲಿಲ್ಲ. ಆದರೆ ಅಷ್ಟಕ್ಕೆ ಬಿಟ್ಟರೆ ಅವನು ಅಪ್ಪನೇ ಅಲ್ಲ. ಎಡಗೈಯವರಿಗೆ ಎಡ ತಿರುಪು ಎಂದು ಲೆಕ್ಕ ಹಾಕಿ, ಹಿತ್ತಾಳೆ ತಂದು, ಒಂದೊಂದೇ ನಲ್ಲಿ ಕಡೆದು, ತಿಂಗಳೊಳಗೆ ಇಡೀ ಮನೆಯನ್ನೇ ಉಲ್ಟಾ ಮಾಡಿಬಿಟ್ಟ. ಕೆಲಸ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ವಿಚಾರ ಮಾತ್ರ ಶುದ್ಧ ತಪ್ಪು. ನಲ್ಲಿಗೆ ಯಾವ ಕೈಯಾದರೇನು? ಶಾಲೆಯ ಸಾದಾ ನಲ್ಲಿಯನ್ನು ಹುಡುಗಿ ಅದೇ ವಾರ ಎಡಗೈಯಲ್ಲಿ ಸಲೀಸಾಗಿ ತಿರುಗಿಸಿ ನೀರು ಕುಡಿದಿದ್ದಳು. ಹೇಳಿಬಿಡೋಣ ಎಂದು ಬಾಯಿ ತೆರೆದಾಗ ಅಪ್ಪ ಎಣ್ಣೆಗೈ ಒರೆಸಿಕೊಳ್ಳುತ್ತ, ಮುಖ ಊರಗಲ ಮಾಡಿಕೊಂಡು ನಿಂತಿದ್ದ.

"ಹೇಗಿದೆ ಪುಟ್ಟೀ? ಈಗ ಸುಲಭ ಆಯ್ತಾ?"

"ತುಂಬಾ ಸುಲಭ ಅಪ್ಪಾ."

ಆ ಸುಳ್ಳನ್ನು ಅವಳು ನಲವತ್ತು ವರ್ಷ ಸಾಕಿದಳು. ಒಂದು ದಿನವೂ ಪಶ್ಚಾತ್ತಾಪ ಪಡಲಿಲ್ಲ.

ಅಪ್ಪ ಹೋಗಿ ಎಂಟು ತಿಂಗಳಾದ ಮೇಲೆ ಅಣ್ಣನ ಫೋನ್ ಬಂತು. ಭಾನುವಾರ ಮನೆಯ ಪೈಪುಗಳನ್ನೆಲ್ಲ ಬದಲಾಯಿಸುತ್ತಾನಂತೆ, ನಲ್ಲಿಗಳೂ ಹೊಸವು, ಸೀದಾ ತಿರುಗುವಂಥವು. ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಅವಳು ತನ್ನ ಊರಿನಿಂದ ಹೊರಟಳು. ದಾರಿಯುದ್ದಕ್ಕೂ ಜಗಳದ ತಾಲೀಮು ನಡೆಸಿದಳು.

"ಅಪ್ಪ ನನಗೋಸ್ಕರ ಮಾಡಿದ್ದು. ಸೀದಾ ನಲ್ಲಿ ನನ್ನ ಕೈಗೆ ಆಗಲ್ಲ. ನಾನು ಬಂದಾಗ ಏನು ಮಾಡ್ಲಿ?" ಎಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

ಅಣ್ಣ ತಲೆ ಕೆರೆದುಕೊಂಡ. ಟೀಚರ ಸ್ಕೇಲು ಅವನಿಗೂ ನೆನಪಿತ್ತು. "ಹೌದಲ್ವಾ... ನೋಡೋಣ ಇರು," ಎಂದ. ಗೆದ್ದೆ ಎಂದುಕೊಂಡಳು ಅವಳು.

ಅಷ್ಟರಲ್ಲಿ ಮೆಟ್ಟಿಲ ಕೆಳಗೆ ಗದ್ದಲ. ಅಪ್ಪನ ಕೋಣೆ ಖಾಲಿ ಮಾಡುವಾಗ ಒಂದು ಕಬ್ಬಿಣದ ಪೆಟ್ಟಿಗೆ ಸಿಕ್ಕಿತ್ತು. ಮುಚ್ಚಳದ ನಡುವೆ ಒಂದೇ ಒಂದು ದಪ್ಪ ನಟ್ಟು. ಅಣ್ಣ ತಿರುಗಿಸಿ ಸೋತಿದ್ದ, ಅತ್ತಿಗೆ ಸೋತಿದ್ದಳು, ಅಮ್ಮ ಕೂಡ ಸೆರಗು ಸಿಕ್ಕಿಸಿ ಒಂದು ಕೈ ನೋಡಿದ್ದಳು. "ಈ ಮನೇದೆಲ್ಲ ಉಲ್ಟಾ, ಬಲಕ್ಕೆ ತಿರುಗಿಸಪ್ಪಾ" ಎಂದು ಕಲಿಸಿಕೊಟ್ಟಿದ್ದರಿಂದ ಪ್ಲಂಬರೂ ಬಲಕ್ಕೇ ತಿರುಗಿಸಿದ್ದ. ನಟ್ಟು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ತುಕ್ಕು ಹಿಡಿದಿದೆ. ಕಟಿಂಗ್ ಮಷೀನ್ ಹಾಕಿ ಕೊಯ್ದುಬಿಡ್ತೀನಿ," ಎಂದು ಪ್ಲಂಬರ್ ವೈರು ಬಿಚ್ಚತೊಡಗಿದ.

ಅವಳು ಬಗ್ಗಿ ನೋಡಿದಳು. ನಟ್ಟಿನಿಂದ ಮೇಲೆ ಬೆರಳಷ್ಟು ಕಾಣುತ್ತಿದ್ದ ತಿರುಪಿನ ಗೆರೆಗಳು ಯಾವ ಕಡೆಗೆ ಓರೆಯಾಗಿವೆ ಎಂದು ತಿಳಿಯಲು ಲೇತಿನವನ ಮಗಳಿಗೆ ಒಂದು ನೋಟ ಸಾಕು. ಸೀದಾ ತಿರುಪು! ಊರಿನ ಯಾವ ಅಂಗಡಿಯಲ್ಲಾದರೂ ಸಿಗುವ ಸಾದಾ ತಿರುಪು. ಈ ಮನೆಯವರು ಅಭ್ಯಾಸಬಲದಿಂದ ಎಲ್ಲರೂ ಸೇರಿ ಅದನ್ನು ಬಿಗಿ ಮಾಡುತ್ತ ಕೂತಿದ್ದರು.

ಈಗ ಫಜೀತಿ ಅವಳದು. ಎಡಕ್ಕೆ ತಿರುಗಿಸಿ ಎಂದರೆ ಈ ಮನೆಯಲ್ಲಿ ಯಾರೂ ನಂಬುವುದಿಲ್ಲ. ಎಡಗೈಯಲ್ಲಿ ತಾನೇ ತೆರೆದರೆ ಸುಳ್ಳು ಬಯಲಾಗುತ್ತದೆ, ನಲ್ಲಿಗಳು ಹೋಗುತ್ತವೆ. ಸುಮ್ಮನಿದ್ದರೆ ಅಪ್ಪನ ಪೆಟ್ಟಿಗೆಯನ್ನು ಕೊಯ್ಯುತ್ತಾರೆ. ಮಷೀನು ಗುರ್ ಎಂದಿತು.

"ನಿಲ್ಸಿ!" ಎಂದಳು. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಎಡಗೈಯಲ್ಲಿ ಹಿಡಿದು, ಮೈಭಾರವೆಲ್ಲ ಹಾಕಿ ಎಡಕ್ಕೆ ಜಗ್ಗಿದಳು. ಕಿರ್ ಎಂದು ನಟ್ಟು ಸಡಿಲಾಯಿತು.

ಅಣ್ಣ ಸ್ಪ್ಯಾನರನ್ನು ನೋಡಿದ, ಅವಳ ಕೈಯನ್ನು ನೋಡಿದ. "ಎಡಗೈಲಿ ಸೀದಾ ತಿರುಪು! ಆಗಲ್ಲ ಅಂದ್ಯಲ್ಲೇ ಕಳ್ಳಿ!"

"ಯಾವಾಗ್ಲೂ ಆಗ್ತಿತ್ತು ಕಣೋ. ಅಪ್ಪ ಬೇಜಾರು ಮಾಡ್ಕೋತಾನೆ ಅಂತ ಹೇಳಲಿಲ್ಲ."

"ನಲವತ್ತು ವರ್ಷ! ಹಾಸ್ಟೆಲ್ಲಲ್ಲಿ ನಾನು ಎಷ್ಟು ನಲ್ಲಿ ಮುರಿದಿದೀನಿ ಗೊತ್ತಾ?"

ಪೆಟ್ಟಿಗೆಯೊಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಪೊಟ್ಟಣಗಳು. ಬಚ್ಚಲು, ಅಡುಗೆಮನೆ, ಸಕ್ಕರೆ ಡಬ್ಬಿ ಎಂದು ಒಂದೊಂದರ ಮೇಲೂ ಅಪ್ಪನ ಅಕ್ಷರ. ಅವನು ಅಂದು ಬಿಚ್ಚಿದ್ದ ಹಳೆಯ ಸೀದಾ ನಲ್ಲಿ, ಮುಚ್ಚಳಗಳೆಲ್ಲ ಅಲ್ಲಿದ್ದವು. ಮೇಲೊಂದು ಚೀಟಿ. ಅವಳು ಗಟ್ಟಿಯಾಗಿ ಓದಿದಳು:

"ಪುಟ್ಟೀ, ಇದನ್ನು ತೆರೆದವಳು ನೀನೇ ಇರಬೇಕು. ಉಳಿದವರೆಲ್ಲ ಬಿಗಿ ಮಾಡಿರುತ್ತಾರೆ. ನಿನಗೆ ಹತ್ತು ವರ್ಷವಿದ್ದಾಗ ಪಕ್ಕದ ಮನೆಯ ನಲ್ಲಿಯಲ್ಲಿ ನೀನು ನೀರು ಹಿಡಿಯುವುದನ್ನು ನೋಡಿದೆ. ಎಡಗೈಗೆ ಸೀದಾ ತಿರುಪೂ ಸಾಕು ಎಂದು ಅವತ್ತೇ ಗೊತ್ತಾಯಿತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಬೇಕೆನಿಸಿದ ದಿನ ಹಳೆಯವನ್ನೇ ಹಾಕಿಕೊಳ್ಳಿ. ನನಗಂತೂ ಬಿಚ್ಚಲು ಮನಸ್ಸು ಬರಲಿಲ್ಲ."

ಓದಿ ಮುಗಿಸಿ ಚೀಟಿಯನ್ನು ಅಮ್ಮನ ಕೈಗಿಟ್ಟಳು. ಅಮ್ಮ ಮೂಗು ಒರೆಸಿಕೊಂಡು, "ಇಬ್ಬರೂ ಒಂದೇ ಜಾತಿ ಕಳ್ಳರು," ಎಂದಳು.

ಅಣ್ಣ ಮಾತ್ರ ಗೆದ್ದ ಕುದುರೆ. "ಅಪ್ಪನೇ ಒಪ್ಪಿಗೆ ಕೊಟ್ಟಿದಾನೆ!" ಎಂದು ಬಚ್ಚಲಿಗೆ ಆ ಹಳೆಯ ಸೀದಾ ನಲ್ಲಿ ಹಾಕಿಸಿ, ಟವೆಲ್ ಹೆಗಲಿಗೇರಿಸಿ ಒಳಗೆ ಹೋದ. ಆಮೇಲೆ ಬೊಬ್ಬೆ ಕೇಳಿಸಿತು. ಬಕೆಟ್ ತುಂಬಿತ್ತು, ನಿಲ್ಲಿಸಲು ಹೋದಷ್ಟೂ ನೀರು ಜೋರಾಗುತ್ತಿತ್ತು.

"ಆ ಕಡೆ ಅಲ್ಲ ಅಣ್ಣಾ, ಈ ಕಡೆ!"

"ಯಾವ ಕಡೆನೇ?"

ಬಾಗಿಲ ಸಂದಿಯಿಂದ ನೀರು ಹರಿದು ನಡುಮನೆಗೆ ಬಂತು. ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ ಅಲ್ಲೇ ಕೂತುಬಿಟ್ಟಳು. ಅಣ್ಣ ಮೈಯೆಲ್ಲ ತೊಯ್ದು ಹೊರಬಂದು ಪ್ಲಂಬರಿಗೆ ಕೈಮುಗಿದ. "ಅಪ್ಪಂದೇ ಹಾಕಪ್ಪಾ. ಎಲ್ಲಾ ಕಡೆ ಅಪ್ಪಂದೇ ಇರ್ಲಿ."

ಅವಳು ಪೊಟ್ಟಣಗಳನ್ನು ಪೆಟ್ಟಿಗೆಗೆ ತುಂಬಿ, ಮೊಣಕೈವರೆಗೆ ಹತ್ತಿದ್ದ ಎಣ್ಣೆ ತೊಳೆಯಲು ಅಡುಗೆಮನೆಗೆ ಹೋದಳು. ಎಡಗೈಯಲ್ಲಿ ನಲ್ಲಿಯನ್ನು ಬಲಕ್ಕೆ ತಿರುಗಿಸಿದಳು. ನೀರು ಬಂತು.

"ತುಂಬಾ ಸುಲಭ ಅಪ್ಪಾ," ಎಂದಳು.